ಕುಟುಂಬ ಚಿಕಿತ್ಸೆಗೆ ಕಂಡ ಬೇರೆ ಬೇರೆ ಮನೆಗಳು

ರೋಗಿಯೊಬ್ಬರನ್ನೇ ಕರೆಯದೆ ಗಂಡ, ಹೆಂಡತಿ, ಮಕ್ಕಳು ಎಲ್ಲರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸುವ ಪದ್ಧತಿ ಅಮೆರಿಕದಲ್ಲಿ ಬೇರುಬಿಟ್ಟದ್ದು 1950ರ ದಶಕದಲ್ಲಿ. 1956ರಲ್ಲಿ ಗ್ರೆಗರಿ ಬೇಟ್ಸನ್ ಮತ್ತು ಸಂಗಡಿಗರು ಸ್ಕಿಜೋಫ್ರೇನಿಯಾಕ್ಕೂ ಮನೆಯೊಳಗಿನ ಮಾತುಕತೆಯ ರೀತಿಗೂ ನಂಟು ಹುಡುಕಿ ಪ್ರಬಂಧ ಬರೆದರು. 1962ರಲ್ಲಿ ‘ಫ್ಯಾಮಿಲಿ ಪ್ರೋಸೆಸ್’ ಪತ್ರಿಕೆ ಹುಟ್ಟಿತು. ಆದರೆ ಆ ಕಾಲದ ಸಿದ್ಧಾಂತಗಳು ಬಹುಮಟ್ಟಿಗೆ ಮಧ್ಯಮವರ್ಗದ ಬಿಳಿಯರ ಮನೆಯನ್ನೇ ಎಲ್ಲರ ಮನೆ ಎಂದು ಭಾವಿಸಿದ್ದವು.

ಆ ಭಾವನೆಯನ್ನು ಅಲುಗಿಸಿದವರು ಸಾಲ್ವಡಾರ್ ಮಿನುಚಿನ್. ಅರ್ಜೆಂಟೀನಾದ ಯಹೂದಿ ವಲಸಿಗರ ಮನೆಯಲ್ಲಿ 1921ರಲ್ಲಿ ಹುಟ್ಟಿದ ಅವರು ನ್ಯೂಯಾರ್ಕ್ ರಾಜ್ಯದ ವಿಲ್ಟ್‌ವಿಕ್ ಶಾಲೆಯಲ್ಲಿ ಬಡ ಕುಟುಂಬಗಳ ಹುಡುಗರೊಂದಿಗೆ ಕೆಲಸ ಮಾಡಿದರು. ಹುಡುಗರಲ್ಲಿ ಹೆಚ್ಚಿನವರು ಕಪ್ಪು ಜನಾಂಗದವರು, ಪೋರ್ಟೊರಿಕೊ ಮೂಲದವರು. ಗಂಟೆಗಟ್ಟಲೆ ಮಾತಾಡಿಸುವ ವಿಧಾನ ಅಲ್ಲಿ ನಡೆಯಲಿಲ್ಲ. ಮನೆಯಲ್ಲಿ ಯಾರ ಮಾತು ನಡೆಯುತ್ತದೆ, ಯಾರು ಯಾರ ಪರ ನಿಲ್ಲುತ್ತಾರೆ ಎಂಬುದನ್ನು ಕಣ್ಣಾರೆ ನೋಡಿ, ಅಲ್ಲೇ ಬದಲಿಸಬೇಕಾಯಿತು. 1967ರಲ್ಲಿ ಪುಸ್ತಕವಾಗಿ ಬಂದ ಈ ಅನುಭವವೇ ಮುಂದೆ ‘ರಚನಾತ್ಮಕ ಕುಟುಂಬ ಚಿಕಿತ್ಸೆ’ಯಾಯಿತು. ಫಿಲಡೆಲ್ಫಿಯಾದಲ್ಲಿ ಅವರ ತಂಡ ಪದವಿಯಿಲ್ಲದ ಸ್ಥಳೀಯರಿಗೂ ಚಿಕಿತ್ಸಕರ ತರಬೇತಿ ಕೊಟ್ಟಿತು. ಈ ಕ್ಷೇತ್ರದ ಅತ್ಯಂತ ದಿಟ್ಟ ಹೆಜ್ಜೆಗಳಲ್ಲಿ ಅದೂ ಒಂದು.

1982ರಲ್ಲಿ ಮೋನಿಕಾ ಮೆಕ್‌ಗೋಲ್ಡ್‌ರಿಕ್ ಮತ್ತು ಸಹಸಂಪಾದಕರು ಹೊರತಂದ ‘ಎತ್ನಿಸಿಟಿ ಆ್ಯಂಡ್ ಫ್ಯಾಮಿಲಿ ಥೆರಪಿ’ ಐರಿಷ್, ಇಟಾಲಿಯನ್, ಯಹೂದಿ ಹೀಗೆ ಒಂದೊಂದು ಸಮುದಾಯಕ್ಕೆ ಒಂದೊಂದು ಅಧ್ಯಾಯ ಮೀಸಲಿಟ್ಟಿತು. ದಾರಿ ತೆರೆಯಿತು ನಿಜ, ಆದರೆ ಜನರನ್ನು ಅಚ್ಚಿನಲ್ಲಿ ಎರಕ ಹೊಯ್ಯುವ ಅಪಾಯವೂ ಅದರಲ್ಲಿತ್ತು. ಅರ್ಜೆಂಟೀನಾ ಮೂಲದ ಸೀಲಿಯಾ ಫಾಲಿಕೊವ್ 1995ರಲ್ಲಿ ಬೇರೊಂದು ಚೌಕಟ್ಟು ಮುಂದಿಟ್ಟರು: ವಲಸೆ, ಸುತ್ತಲಿನ ಪರಿಸರ, ಕುಟುಂಬದ ಕಟ್ಟು, ಬದುಕಿನ ಘಟ್ಟಗಳು. ಒಬ್ಬ ವ್ಯಕ್ತಿ ಏಕಕಾಲಕ್ಕೆ ಹಲವು ಸಂಸ್ಕೃತಿಗಳಲ್ಲಿ ಬಾಳುತ್ತಾನೆಂಬುದು ಅವರ ವಾದ. ನ್ಯಾನ್ಸಿ ಬಾಯ್ಡ್-ಫ್ರಾಂಕ್ಲಿನ್ 1989ರ ಕೃತಿಯಲ್ಲಿ ಕಪ್ಪು ಕುಟುಂಬಗಳ ಅಜ್ಜಿಯರಿಗೆ, ಚರ್ಚಿಗೆ, ರಕ್ತಸಂಬಂಧವಿಲ್ಲದ ಆಪ್ತರಿಗೆ ಜಾಗ ಕೊಟ್ಟರು.

ಕೆನೆತ್ ಹಾರ್ಡಿ ಮತ್ತು ಟ್ರೇಸಿ ಲಾಸ್ಲೋಫಿ 1995ರಲ್ಲಿ ಪ್ರಶ್ನೆಯನ್ನು ಚಿಕಿತ್ಸಕರತ್ತಲೇ ತಿರುಗಿಸಿದರು. ತರಬೇತಿಗೆ ಬಂದವರು ತಮ್ಮದೇ ವಂಶವೃಕ್ಷ ಬರೆದು, ಪೂರ್ವಜರ ಸಮುದಾಯಗಳಿಗೆ ಬಣ್ಣ ಹಚ್ಚಿ, ಹೆಮ್ಮೆ ಮತ್ತು ನಾಚಿಕೆಯ ಸಂಗತಿಗಳನ್ನು ಗುರುತಿಸಬೇಕು. ಮುದಿತಾ ರಸ್ತೋಗಿ ಮತ್ತು ಎಲಿಜಬೆತ್ ವೀಲಿಂಗ್ ಸಂಪಾದಿಸಿದ 2005ರ ‘ವಾಯ್ಸಸ್ ಆಫ್ ಕಲರ್’ನಲ್ಲಿ ಅಲ್ಪಸಂಖ್ಯಾತ ಸಮುದಾಯಗಳ ಚಿಕಿತ್ಸಕರೇ ತಮ್ಮ ಕಥೆ ಹೇಳಿಕೊಂಡರು. ಹೊರಗಿನವರಾಗಿ ಬದುಕಿದವರು ಅಧ್ಯಾಪಕರಾದಾಗಲೇ ಪಠ್ಯ ಬದಲಾಯಿತು.

ನಮ್ಮ ದೇಶದ ಕಥೆ ಬೇರೆಯೇ. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾ ಸಾಗರ್ 1950ರ ದಶಕದಲ್ಲೇ ರೋಗಿಯ ಜೊತೆ ಮನೆಯವರನ್ನೂ ಆವರಣದ ಡೇರೆಗಳಲ್ಲಿ ಉಳಿಸಿಕೊಂಡರು. ಬೇಟ್ಸನ್ ಬಳಗ ಕುಟುಂಬದಲ್ಲಿ ಕಾಯಿಲೆಯ ಬೇರು ಹುಡುಕುತ್ತಿದ್ದ ದಶಕದಲ್ಲಿ ಇಲ್ಲಿ ಕುಟುಂಬ ಆರೈಕೆಗೆ ನಿಂತಿತ್ತು. ಬೆಂಗಳೂರಿನ ನಿಮ್ಹಾನ್ಸ್ ಕುಟುಂಬ ಸಮೇತ ದಾಖಲಾಗುವ ವಾರ್ಡ್ ನಡೆಸಿತು. ಭಟ್ಟಿ, ಜಾನಕಿರಾಮಯ್ಯ, ಚನ್ನಬಸವಣ್ಣ ಅದರ ವರದಿಯನ್ನು 1980ರಲ್ಲಿ ಅದೇ ‘ಫ್ಯಾಮಿಲಿ ಪ್ರೋಸೆಸ್’ನಲ್ಲಿ ಪ್ರಕಟಿಸಿದರು.

ಹಾರ್ಡಿ ಬರೆಸಿದಂಥ ವಂಶವೃಕ್ಷವನ್ನು ನಮ್ಮ ಸಮಾಜಕಾರ್ಯ, ಮನಶ್ಶಾಸ್ತ್ರ ವಿಭಾಗಗಳೂ ಮೊದಲ ವರ್ಷದಲ್ಲೇ ಬರೆಸಲಿ. ಅದರಲ್ಲಿ ಜಾತಿಯೂ ಮನೆಮಾತೂ ಇರಲಿ, ಹೊಲ ಬಿಟ್ಟು ನಗರ ಸೇರಿದ ತಲೆಮಾರೂ ಇರಲಿ.