ಚುಕ್ಕಾಣಿ ಕಳೆದುಕೊಂಡ ಚಹಾ ಹಡಗು

1872ರ ಆಗಸ್ಟ್ 15. ಆಫ್ರಿಕಾದ ದಕ್ಷಿಣ ತೀರದಾಚೆ ಬಿರುಗಾಳಿಗೆ ಕಡಲು ಹುಚ್ಚೆದ್ದಿತ್ತು. ಶಾಂಘೈಯಲ್ಲಿ ಚಹಾ ತುಂಬಿಕೊಂಡು ಲಂಡನ್ನಿಗೆ ಹೊರಟಿದ್ದ 'ಕಟ್ಟಿ ಸಾರ್ಕ್' ಎಂಬ ಹಾಯಿಹಡಗು ಆ ಅಬ್ಬರದಲ್ಲಿ ತನ್ನ ಚುಕ್ಕಾಣಿಯನ್ನೇ ಕಳೆದುಕೊಂಡಿತು. ಮೂರು ಕೂವೆಮರಗಳೂ ನೆಟ್ಟಗೆ ನಿಂತಿದ್ದವು, ಹಾಯಿಗಳಿಗೂ ಕೊರತೆಯಿರಲಿಲ್ಲ. ಆದರೆ ದಿಕ್ಕು ಹಿಡಿಯಲಾರದ ಹಡಗು ಅಲೆಗಳಿಗೆ ಪಕ್ಕೆಯೊಡ್ಡಿ ಹೊಯ್ದಾಡತೊಡಗಿತು.

ಪೆಟ್ಟು ಬಿದ್ದದ್ದು ಬರೀ ಹಡಗಿಗಲ್ಲ, ಒಂದು ಪಂದ್ಯಕ್ಕೂ.

ಚೀನಾದ ಹೊಸ ಚಹಾ ಲಂಡನ್ನಿಗೆ ಯಾವ ಹಡಗಿನಲ್ಲಿ ಮೊದಲು ತಲುಪುತ್ತದೆ ಎಂಬುದು ಆಗಿನ ವರ್ತಕರಿಗೆ ಲಾಭದ ಮಾತಾಗಿದ್ದರೆ ಜನಕ್ಕೆ ಭಾರೀ ಕುತೂಹಲದ ಸಂಗತಿಯಾಗಿತ್ತು. ಆ ಓಟಕ್ಕೆಂದೇ ಕ್ಲಿಪ್ಪರ್ ಎಂಬ ನೀಳ ಮೈಯ ಹಡಗುಗಳನ್ನು ಕಟ್ಟುತ್ತಿದ್ದರು. 1868ರಲ್ಲಿ ನೀರಿಗಿಳಿದ 'ಥರ್ಮಾಪಿಲಿ' ಅವುಗಳಲ್ಲೆಲ್ಲ ಹೆಸರಾದದ್ದು. ಅದನ್ನು ಮೀರಿಸಬೇಕೆಂಬ ಹಟದಿಂದ ಲಂಡನ್ನಿನ ಹಡಗು ಮಾಲೀಕ ಜಾನ್ ವಿಲಿಸ್ ಸ್ಕಾಟ್ಲೆಂಡಿನ ಡಂಬಾರ್ಟನ್‌ನಲ್ಲಿ ಕಟ್ಟಿ ಸಾರ್ಕ್ ಕಟ್ಟಿಸಿದ. ಹರ್ಕ್ಯುಲಿಸ್ ಲಿಂಟನ್ ಇದರ ವಿನ್ಯಾಸಕಾರ. ಕಬ್ಬಿಣದ ಹಂದರದ ಮೇಲೆ ಮರದ ಹಲಗೆ ಹೊದಿಸಿದ ಮೈ. ಉದ್ದ 212 ಅಡಿ, ಅಗಲ 36 ಅಡಿ. ಕಟ್ಟುವ ಕೆಲಸ ಮುಗಿಯುವ ಮೊದಲೇ ಲಿಂಟನ್‌ನ ಕಂಪನಿ ದಿವಾಳಿಯಾಗಿ, ಉಳಿದದ್ದನ್ನು ಬೇರೆಯವರು ಪೂರೈಸಬೇಕಾಯಿತು.

ಹಡಗು ನೀರಿಗಿಳಿದದ್ದು 1869ರ ನವೆಂಬರ್ 22ರಂದು. ಅದಕ್ಕೆ ಐದೇ ದಿನ ಮುಂಚೆ ಸೂಯೆಜ್ ಕಾಲುವೆ ತೆರೆದಿತ್ತು. ಉಗಿಹಡಗುಗಳಿಗೆ ಅದು ಹತ್ತಿರದ ದಾರಿ. ಕಾಲುವೆಯಲ್ಲಿ ಹಾಯಿ ನಡೆಯುವುದಿಲ್ಲ, ಕೆಂಪು ಸಮುದ್ರದ ಗಾಳಿಯನ್ನೂ ನಂಬುವಂತಿರಲಿಲ್ಲ. ಹೀಗಾಗಿ ಹಾಯಿಹಡಗುಗಳಿಗೆ ಆಫ್ರಿಕಾವನ್ನು ಬಳಸಿ ಬರುವ ಹಳೆಯ ದಾರಿಯೇ ಗತಿಯಾಯಿತು.

1872ರ ಜೂನ್‌ನಲ್ಲಿ ಕಟ್ಟಿ ಸಾರ್ಕ್, ಥರ್ಮಾಪಿಲಿ ಎರಡೂ ಶಾಂಘೈಯಿಂದ ಜೊತೆಗೇ ಹೊರಟವು. ಸುಂಡಾ ಜಲಸಂಧಿ ದಾಟಿ ಹಿಂದೂ ಮಹಾಸಾಗರಕ್ಕೆ ಬಿದ್ದ ಮೇಲೆ ಕಟ್ಟಿ ಸಾರ್ಕ್‌ಗೆ ಗಾಳಿ ಒಲಿಯಿತು. ಆಗಸ್ಟ್ ಹೊತ್ತಿಗೆ ಅದು ಸುಮಾರು 400 ನಾಟಿಕಲ್ ಮೈಲಿ ಮುಂದಿತ್ತು. ಚುಕ್ಕಾಣಿ ಹೋದದ್ದು ಆಗಲೇ.

ಹಡಗಿನಲ್ಲಿ ಮಾಲೀಕನ ತಮ್ಮ ರಾಬರ್ಟ್ ವಿಲಿಸ್ ಕೂಡ ಇದ್ದ. ಕೇಪ್‌ಟೌನ್ ಬಂದರಿಗೆ ಹೋಗಿ ರಿಪೇರಿ ಮಾಡಿಸಿ ಎಂದು ಅವನು ಪಟ್ಟು ಹಿಡಿದ. ಕ್ಯಾಪ್ಟನ್ ಜಾರ್ಜ್ ಮೂಡಿ ಒಪ್ಪಲಿಲ್ಲ. ಹಡಗಿನ ಬಡಗಿ ಹೆನ್ರಿ ಹೆಂಡರ್ಸನ್‌ನ ಕೈಚಳಕದ ಮೇಲೆ ಅವನಿಗೆ ಭರವಸೆಯಿತ್ತು.

ಕೆಲಸ ಶುರುವಾಯಿತು. ಕೂವೆಮರ ಮುರಿದರೆ ಬೇಕಾದೀತೆಂದು ತಂದಿದ್ದ ಮರವನ್ನು ಕೊಯ್ದು ಹೊಸ ಚುಕ್ಕಾಣಿಗೆ ಅಳವಡಿಸಿದರು. ಡೆಕ್ಕಿನ ಮೇಲೆಯೇ ಕುಲುಮೆ ಹೂಡಿ, ಸಿಕ್ಕ ಕಬ್ಬಿಣವನ್ನು ಕಾಯಿಸಿ ಬಡಿದು ಪಟ್ಟಿ, ಕೀಲುಗಳನ್ನು ಮಾಡಿಕೊಂಡರು. ಕದ್ದು ಹಡಗು ಹತ್ತಿದ್ದ ಇಬ್ಬರಲ್ಲಿ ಒಬ್ಬ ಕಮ್ಮಾರ, ಮತ್ತೊಬ್ಬ ಹಡಗು ಕಟ್ಟುವ ಬಡಗಿ! ಅವರೂ ಕೈಜೋಡಿಸಿದರು. ಬಿರುಗಾಳಿ ಮಾತ್ರ ನಿಂತಿರಲಿಲ್ಲ. ನೆಟ್ಟಗೆ ನಿಲ್ಲುವುದೇ ಕಷ್ಟವಾಗಿದ್ದ ಆ ಡೆಕ್ಕಿನ ಮೇಲೆ ಒಮ್ಮೆ ಕುಲುಮೆ ಉರುಳಿ, ಕೆಂಡ ಚೆಲ್ಲಿ, ಕ್ಯಾಪ್ಟನ್ನನ ಮಗನಿಗೆ ಸುಟ್ಟಗಾಯವಾಯಿತು. ಆರು ದಿನಗಳ ದುಡಿಮೆಯ ಬಳಿಕ ಹೊಸ ಚುಕ್ಕಾಣಿ ತಯಾರಾಯಿತು. ಎದ್ದು ಬೀಳುತ್ತಿದ್ದ ಹಡಗಿನ ಹಿಂಭಾಗದಲ್ಲಿ ಅಷ್ಟು ಭಾರದ ಸಾಮಾನನ್ನು ನೀರಿಗಿಳಿಸಿ ಕೂರಿಸುವುದು ಮಾಡುವುದಕ್ಕಿಂತ ಕಡಿಮೆ ಸಾಹಸವೇನಲ್ಲ. ದಾರಿಯಲ್ಲಿ ಅದೂ ಕೈಕೊಟ್ಟಾಗ ಮೇಲೆತ್ತಿ, ದುರಸ್ತಿ ಮಾಡಿ, ಮತ್ತೆ ಇಳಿಸಿದರು.

ಅಕ್ಟೋಬರ್ 18ರಂದು, 122ನೆಯ ದಿನ, ಕಟ್ಟಿ ಸಾರ್ಕ್ ಲಂಡನ್ ಸೇರಿತು. ಥರ್ಮಾಪಿಲಿ ಒಂದು ವಾರ ಮೊದಲೇ ಬಂದಿತ್ತು. ಆದರೂ ಊರೆಲ್ಲ ಮಾತಾಡಿದ್ದು ಸೋತ ಹಡಗಿನ ಬಗ್ಗೆಯೇ. ಹೆಂಡರ್ಸನ್‌ಗೆ 50 ಪೌಂಡ್ ಇನಾಮು ಸಿಕ್ಕಿತು. ಮೂಡಿ ಮತ್ತೆಂದೂ ಈ ಹಡಗಿನ ಕ್ಯಾಪ್ಟನ್ ಆಗಲಿಲ್ಲ.

ಚಹಾ ವ್ಯಾಪಾರ ಬೇಗನೆ ಉಗಿಹಡಗುಗಳ ಪಾಲಾಯಿತು. ಕಟ್ಟಿ ಸಾರ್ಕ್ ಆಸ್ಟ್ರೇಲಿಯಾದ ಉಣ್ಣೆ ಸಾಗಿಸುವ ಕೆಲಸಕ್ಕೆ ಹೊರಳಿ, ಕ್ಯಾಪ್ಟನ್ ರಿಚರ್ಡ್ ವುಡ್‌ಗೆಟ್‌ನ ಕೈಯಲ್ಲಿ ವೇಗಕ್ಕೆ ಹೆಸರಾಯಿತು. 1895ರಲ್ಲಿ ಪೋರ್ಚುಗೀಸರಿಗೆ ಮಾರಾಟವಾಗಿ 'ಫೆರೇರಾ' ಎನಿಸಿಕೊಂಡಿತು. 1916ರಲ್ಲಿ ದಕ್ಷಿಣ ಆಫ್ರಿಕಾದ ಕಡಲೇ ಇನ್ನೊಮ್ಮೆ ಅದರ ಮೇಲೆರಗಿತು. ಈ ಸಲ ಹೋದದ್ದು ಕೂವೆಮರಗಳು. ಕೊನೆಗೆ 1922ರಲ್ಲಿ ಕ್ಯಾಪ್ಟನ್ ವಿಲ್ಫ್ರೆಡ್ ಡೌಮನ್ ಇದನ್ನು ಕೊಂಡು ಇಂಗ್ಲೆಂಡಿಗೆ ಮರಳಿಸಿದ.

ಓಟದಲ್ಲಿ ಗೆದ್ದ ಥರ್ಮಾಪಿಲಿಗೆ ಆ ಭಾಗ್ಯವಿರಲಿಲ್ಲ. 1907ರಲ್ಲಿ ಪೋರ್ಚುಗಲ್ಲಿನ ನೌಕಾಪಡೆ ಅದನ್ನು ಕಾಸ್ಕೈಸ್ ಬಳಿ ಕಡಲಲ್ಲಿ ಮುಳುಗಿಸಿತು. ಕಟ್ಟಿ ಸಾರ್ಕ್ 1954ರಿಂದ ಲಂಡನ್ನಿನ ಗ್ರೀನಿಚ್‌ನಲ್ಲಿದೆ. 2007ರ ಮೇ ತಿಂಗಳಲ್ಲಿ ಬೆಂಕಿ ಬಿದ್ದಾಗ, ಜೀರ್ಣೋದ್ಧಾರಕ್ಕೆಂದು ಅದರ ಕೂವೆಮರಗಳನ್ನೂ ಬಹಳಷ್ಟು ಹಲಗೆಗಳನ್ನೂ ಮೊದಲೇ ಬಿಚ್ಚಿ ಬೇರೆಡೆ ಇಟ್ಟಿದ್ದರಿಂದ ಹಳೆಯ ಹಡಗಿನ ಹೆಚ್ಚು ಭಾಗ ಉಳಿಯಿತು. ಬಡಗಿಗಳೂ ಲೋಹದ ಕೆಲಸಗಾರರೂ ಸೇರಿ ಅದನ್ನು ಮತ್ತೆ ಜೋಡಿಸಿದರು. 2012ರ ಏಪ್ರಿಲ್‌ನಿಂದ ಜನ ಮತ್ತೆ ಅದರ ಡೆಕ್ ಹತ್ತುತ್ತಿದ್ದಾರೆ.