ಗಣಿಗೆ ಹೋದ ಮರ, ಜಗಲಿಗೆ ಬರೋ ಮರ

ಬಂಗಾರಪೇಟೆ ಸುತ್ತ ತೋಟದ ಮನೆ ಕಟ್ಟಿಸೋರು ಮನೆ ಮುಂದೆ ಹಲಗೆ ಜಗಲಿ ಹಾಕಿಸೋದು ಜಾಸ್ತಿ ಆಗಿದೆ. ಮಳೆ ಬಿಸಿಲಿಗೆ ಬಯಲಲ್ಲೇ ಇರುತ್ತೆ, ಹೆಸರು ಡೆಕ್. ಅದಕ್ಕೆ ಬ್ರೆಜಿಲ್ ಕಡೆಯ ಐಪೆ ಅನ್ನೋ ಮರ ತರಿಸ್ತಾರೆ. ಬದುವಿನಲ್ಲಿ ತೇಗ ಬೆಳೆಸಿರೋ ನಮ್ಮೋರು ಕೇಳೋದು ಒಂದೇ ಮಾತು: ನಮ್ಮ ಮರ ಆಗಲ್ವಾ? ಇದಕ್ಕೆ ಉತ್ತರ ಹುಡುಕೋಕೆ ನಮ್ಮೂರಿನ ಚರಿತ್ರೆ ಒಂಚೂರು ತಿರುವಿ ಹಾಕಬೇಕು.

1864ರಲ್ಲಿ ಬೆಂಗಳೂರು ದಂಡಿನಿಂದ ಜೋಲಾರಪೇಟೆಗೆ ರೈಲು ಬಂತು. ಬೌರಿಂಗ್ ಸಾಹೇಬರ ಹೆಸರಲ್ಲಿ ಬೌರಿಂಗ್‌ಪೇಟೆ ಅನ್ನಿಸಿಕೊಂಡಿದ್ದ ನಮ್ಮ ಬಂಗಾರಪೇಟೆ ಆ ದಾರಿಯಲ್ಲೇ ಇತ್ತು. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿ ಕೈಗೆತ್ತಿಕೊಂಡಿತು. 1894ರಲ್ಲಿ ಮಾರಿಕುಪ್ಪಂವರೆಗೂ ರೈಲು ಹೋಯ್ತು. ಭೂಮಿ ಒಳಗೆ ಬಂಡೆ ಕುಸಿಯದ ಹಾಗೆ ಆನಿಸೋಕೆ ಕಂಬ ಬೇಕು, ದಿಮ್ಮಿ ಬೇಕು. ಮೇಲೆ ಬಾಯ್ಲರ್‌ಗೆ ಸೌದೆ, ಕಲ್ಲಿದ್ದಲು ಬೇಕು. ಶಿವನಸಮುದ್ರದಿಂದ 1902ರಲ್ಲಿ ಕರೆಂಟ್ ಬಂದ ಮೇಲೆ ಬಾಯ್ಲರ್‌ ಹಸಿವು ಇಳೀತು. ಒಳಗಿನ ಕಂಬದ ಹಸಿವು ಇಳೀಲಿಲ್ಲ.

ಗಣಿ ಅಂದ್ರೆ ಮರಕ್ಕೆ ಕಠಿಣ ಪರೀಕ್ಷೆ. ಚಾಂಪಿಯನ್ ರೀಫ್ ಮೂರು ಕಿಲೋಮೀಟರ್‌ಗಿಂತ ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತೆ. ಸೆಕೆ, ತೇವ ಎರಡೂ ಸೇರಿದ ಕಡೆ ಮರ ಬೇಗ ಮೆತ್ತಗಾಗುತ್ತೆ. ಇನ್ನು ಬಂಡೆ ಸಿಡಿದಾಗ ಎಂಥ ಕಂಬವಾದರೂ ಪುಡಿ. ಹಾಗಾಗಿ ಬರ್ತಾ ಬರ್ತಾ ಭಾರ ಹೊರೋ ಜಾಗದಲ್ಲಿ ದಿಮ್ಮಿ ಬಿಟ್ಟು ಗ್ರಾನೈಟ್ ಕಲ್ಲನ್ನೇ ಗೋಡೆ ಹಾಗೆ ಪೇರಿಸೋದು ಶುರು ಮಾಡಿದರು. ಭಾರ, ತೇವ ಇರೋ ಕಡೆ ಕಲ್ಲು. ಕೈಕಾಲು ಸೋಕೋ ಕಡೆ ಮರ. ನಮ್ಮ ಹಿರಿಯರ ಜಗಲಿಯೂ ಇದೇ ಲೆಕ್ಕ: ಕೆಳಗೆ ಚಪ್ಪಡಿ, ಕಂಬದ ಬುಡಕ್ಕೆ ಕಲ್ಲು, ಮೇಲೆ ಮರ.

ಯಾವ ಕೆಲಸಕ್ಕೆ ಯಾವ ಮರ ಅನ್ನೋದೂ ಅವರಿಗೆ ಗೊತ್ತಿತ್ತು. ಗಾಡಿ ಚಕ್ರಕ್ಕೆ, ನೇಗಿಲಿಗೆ ಕರಿಜಾಲಿ. ಬಾಗಿಲು, ತೊಲೆಗೆ ತೇಗ, ಹೊನ್ನೆ, ಮತ್ತಿ. ನಮ್ಮ ಕಡೆ ಬೇಕಾದಷ್ಟು ಸಿಗೋ ಮಾವು ಹಣ್ಣಿನ ಪೆಟ್ಟಿಗೆಗೆ ಸರಿ, ಮಳೆಗೆ ಬಿಟ್ಟರೆ ಹುಳ ಬಿದ್ದು ಹೋಗುತ್ತೆ.

ಆಮೇಲೆ ಬಂದಿದ್ದು ನೀಲಗಿರಿ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಲ್ಲಿ ಕೋಲಾರದ ಹೊಲಗಳಿಗೂ ಹಬ್ಬಿತು. ರಾಗಿ ಬೆಳೀತಿದ್ದ ನೆಲದಲ್ಲಿ ಪೇಪರ್ ಮಿಲ್ ಕಂಬ ನಿಂತವು. 1983ರಲ್ಲಿ ತುಮಕೂರು ಕಡೆ ರೈತ ಸಂಘದವರು ಸಸಿ ಕಿತ್ತು ಪ್ರತಿಭಟಿಸಿದ್ದು ಇದಕ್ಕೇ. 2017ರಲ್ಲಿ ಸರ್ಕಾರ ಹೊಸದಾಗಿ ನೆಡೋದನ್ನೇ ನಿಷೇಧಿಸಿತು. ಏಳೆಂಟು ವರ್ಷಕ್ಕೆ ಕಡಿದ ನೀಲಗಿರಿ ಹಲಗೆ ಬಿಸಿಲಿಗೆ ತಿರುಚುತ್ತೆ, ಸೀಳುತ್ತೆ. ಜಗಲಿಗೆ ಬೇಡ.

ಈಗ ಐಪೆ ವಿಷಯ. ಮರ ಗಟ್ಟಿ, ಅದರಲ್ಲಿ ಎರಡು ಮಾತಿಲ್ಲ. ಒಣಗಿದ ತೇಗ ನೀರಲ್ಲಿ ತೇಲುತ್ತೆ, ಐಪೆ ಮುಳುಗುತ್ತೆ. ಬೆಂಗಳೂರಿನ ರಸ್ತೆಗಳಲ್ಲಿ ಹಳದಿ ಹೂ ಬಿಡೋ ಟಬೂಬಿಯಾ ಇದರ ನೆಂಟನೇ. ಆದರೆ ಅಮೆಜಾನ್ ಕಾಡಲ್ಲಿ ಈ ಮರ ಚದುರಿ ಬೆಳೆಯುತ್ತೆ, ಒಂದನ್ನು ಎಳೆದು ತರೋಕೆ ಕಾಡಿಗೆ ದಾರಿ ಕಡೀಬೇಕು. ಕಳ್ಳ ಕಡಿತ ಮಿತಿ ಮೀರಿದ್ದಕ್ಕೆ 2024ರ ನವೆಂಬರ್‌ನಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದ ಪರವಾನಗಿ ಬೇಕು. ಗಣಿ ಇದ್ದಾಗ ಬೇರೆಯವರ ಚಿನ್ನಕ್ಕೆ ಮರ ಉರಿದ ಸೀಮೆ ನಮ್ಮದು. ಇನ್ನೊಬ್ಬರ ಕಾಡು ನಮ್ಮ ಅಂಗಳಕ್ಕೆ ಬರೋವಾಗ ಒಂದು ಸಲ ಯೋಚಿಸಬೇಕು.

ತೇಗಕ್ಕೆ ಬರೋಣ. ಬಾಳಿಕೆ ಬರೋದು ಚೇಗು ಮಾತ್ರ, ಅಂದ್ರೆ ಒಳಗಿನ ಕಂದು ಭಾಗ. ಹೊರಗಿನ ಬಿಳಿ ಮರ ಯಾವ ಜಾತಿಯದಾದರೂ ಗೆದ್ದಲಿಗೆ ಊಟ. ನೀರು ಗೊಬ್ಬರ ಕೊಟ್ಟು ಬೇಗ ದಪ್ಪ ಮಾಡಿದ ಎಳೇ ತೇಗದಲ್ಲಿ ಬಿಳಿ ಜಾಸ್ತಿ. ಅದಕ್ಕೇ ಸಾಮಿಲ್‌ನಲ್ಲಿ ನಮ್ಮ ದಿಮ್ಮಿಗೆ ರೇಟು ಕುಯ್ಯೋದು. ಇಪ್ಪತ್ತೈದು, ಮೂವತ್ತು ವರ್ಷದ ಮರ ಇದ್ದೋರು ಚೇಗು ಬೇರೆ ಮಾಡಿಸಿ ಮಾರಿದರೆ ಡೆಕ್ ಮಾಡ್ಸೋರ ಹತ್ರ ಧೈರ್ಯವಾಗಿ ಮಾತಾಡಬಹುದು. ಸ್ವಂತ ಜಮೀನಿನ ತೇಗಕ್ಕೂ ಕಡಿಯೋ ಮುಂಚೆ ಅರಣ್ಯ ಇಲಾಖೆ ಅನುಮತಿ, ಸಾಗಿಸೋಕೆ ಪಾಸ್ ಬೇಕು, ಮರೀಬೇಡಿ.

ಹಾಕಿಸೋರಿಗೆ ಹೇಳೋದು ಇಷ್ಟೆ. ಕಲ್ಲು ಕೂಚದ ಮೇಲೆ ತೊಲೆ ಇಡಿಸಿ, ಮಣ್ಣಿಗೆ ಮರ ತಾಗಬಾರದು. ಹಲಗೆ ನಡುವೆ ಸಂದು ಬಿಡಿಸಿ, ನೀರು ಇಳೀಲಿ, ಕೆಳಗೆ ಗಾಳಿ ಆಡಲಿ. ಚೆನ್ನಾಗಿ ಒಣಗಿದ ಚೇಗನ್ನೇ ಆರಿಸಿ. ಇಷ್ಟು ನೋಡಿಕೊಂಡರೆ ನಮ್ಮ ತೇಗ, ಹೊನ್ನೆ ಸಾಕು. ಖರ್ಚು ಅದಕ್ಕೂ ಹೆಚ್ಚು ಅನ್ನಿಸಿದರೆ ನಮ್ಮ ಸೀಮೆಯ ಚಪ್ಪಡಿ ಜಗಲಿ ಇದ್ದೇ ಇದೆ, ಅದಕ್ಕೆ ಗೆದ್ದಲಿನ ಭಯ ಇಲ್ಲ.