ಜನ್ಮರತ್ನ: ಹಳೆಯ ನಂಬಿಕೆ, ಹೊಸ ಪಟ್ಟಿ

ಮೈಸೂರಿನ ಆಭರಣದಂಗಡಿಗಳಲ್ಲಿ ಗ್ರಾಹಕರು ಹುಟ್ಟಿದ ತಿಂಗಳನ್ನು ಹೇಳಿ ‘ಜನ್ಮರತ್ನ’ವನ್ನು ಕೇಳುವುದುಂಟು. ಜನವರಿಗೆ ಗಾರ್ನೆಟ್, ಏಪ್ರಿಲಿಗೆ ವಜ್ರ, ಜುಲೈಗೆ ಮಾಣಿಕ್ಯ ಎಂಬ ಈ ಪಟ್ಟಿಯು ಅನಾದಿಯಿಂದ ಬಂದುದೆಂದೇ ಬಹುಜನರ ಭಾವನೆ. ವಾಸ್ತವವಾಗಿ ಇದನ್ನು ಗೊತ್ತುಪಡಿಸಿದವರು 1912ರಲ್ಲಿ ಕಾನ್ಸಾಸ್ ನಗರದಲ್ಲಿ ಸಭೆ ಸೇರಿದ್ದ ಅಮೆರಿಕದ ಆಭರಣ ವರ್ತಕರು. ಬೇರು ಇನ್ನೂ ಹಿಂದಿನದೆಂಬುದು ನಿಜ. ಬೈಬಲಿನಲ್ಲಿ ಪ್ರಧಾನ ಯಾಜಕನ ಎದೆಪದಕದ 12 ಹರಳುಗಳ ವರ್ಣನೆಯಿದೆ. ಆದರೆ ಅವು ಇಸ್ರಾಯೇಲರ 12 ಕುಲಗಳ ಹೆಸರನ್ನು ಹೊತ್ತಿದ್ದವು. ತಿಂಗಳುಗಳ ಹೊಂದಾಣಿಕೆ ಆಮೇಲಿನದು. ಟಾಂಜಾನಿಯಾದಲ್ಲಿ 1967ರಲ್ಲಿ ದೊರೆತ ಟಾಂಜನೈಟ್ ಎಂಬ ನೀಲಿ ಹರಳು 2002ರಲ್ಲಿ ಡಿಸೆಂಬರ್ ತಿಂಗಳಿಗೆ ಸೇರ್ಪಡೆಯಾಯಿತು. ಅದಕ್ಕೆ ಮೊದಲು ಡಿಸೆಂಬರಿನಲ್ಲಿ ಜನಿಸಿದವರು ಏನು ಕಳೆದುಕೊಂಡಿದ್ದರೋ!

ನಮ್ಮ ನಾಡಿನ ಪದ್ಧತಿ ಬೇರೆ. ಸೂರ್ಯನಿಗೆ ಮಾಣಿಕ್ಯ, ಚಂದ್ರನಿಗೆ ಮುತ್ತು, ಗುರುವಿಗೆ ಪುಷ್ಯರಾಗ, ಶನಿಗೆ ನೀಲ, ಹೀಗೆ ನವರತ್ನಗಳು ನವಗ್ರಹಗಳಿಗೆ ಸಂಬಂಧಪಟ್ಟವು. ಅಲ್ಲಿ ಕೇಳುವುದು ಜಾತಕವನ್ನು, ಕ್ಯಾಲೆಂಡರನ್ನಲ್ಲ. ಇಂದು ಎರಡನ್ನೂ ಒಂದೇ ತಟ್ಟೆಯಲ್ಲಿಟ್ಟು ಮಾರಲಾಗುತ್ತಿದೆ.

ರತ್ನಶಾಸ್ತ್ರಕ್ಕೆ ಜೈನರ ಕೊಡುಗೆ ಗಣನೀಯವಾದುದು. ದೆಹಲಿಯಲ್ಲಿ ಅಲಾವುದ್ದೀನ್ ಖಿಲ್ಜಿಯ ಭಂಡಾರದ ಸೇವೆಯಲ್ಲಿದ್ದ ಶ್ರಾವಕ ಠಕ್ಕುರ ಫೇರು 1315ರಲ್ಲಿ ‘ರಯಣಪರಿಕ್ಖಾ’ ಎಂಬ ಗ್ರಂಥವನ್ನು ರಚಿಸಿದನು. ಹರಳಿನ ಬಣ್ಣ, ದೋಷ, ತೂಕಗಳನ್ನು ನೋಡುವ ಕ್ರಮವೂ ತೂಕಕ್ಕೆ ತಕ್ಕ ಬೆಲೆಯೂ ಅದರಲ್ಲಿವೆ. ಕಣ್ಣು ಮತ್ತು ತಕ್ಕಡಿಯನ್ನು ಬಲ್ಲವನ ಬರಹವದು.

ಆ ಕಣ್ಣು ಇಂದು ಇನ್ನೂ ಅಗತ್ಯ. ಮೈಸೂರು ಸೀಮೆಯಲ್ಲಿ ದೊರೆಯುವ ಕೆಂಪು ಬಹುಮಟ್ಟಿಗೆ ಅಪಾರದರ್ಶಕ. ಗುಮ್ಮಟದಂತೆ ಕಡೆದರೆ ಕೆಲವದರ ಮೇಲೆ ಆರು ಕಿರಣಗಳ ನಕ್ಷತ್ರ ಮೂಡುತ್ತದೆ. ಬೆಲೆ ಸಾಧಾರಣ, ಚೆಲುವಿಗೆ ಕೊರತೆಯಿಲ್ಲ. ಆದರೆ ಇಂಥ ಕೆಳದರ್ಜೆಯ ಹರಳಿನ ಬಿರುಕುಗಳಿಗೆ ಗಾಜನ್ನು ತುಂಬಿ ಉತ್ತಮ ಮಾಣಿಕ್ಯವೆಂದು ಮಾರುವವರೂ ಇದ್ದಾರೆ. ಕುಲುಮೆಯಲ್ಲಿ ಮಾಣಿಕ್ಯವನ್ನೇ ಬೆಳೆಸುವ ವಿಧಾನವನ್ನು ಫ್ರಾನ್ಸಿನ ವರ್ನೂಯಿ 1902ರಲ್ಲಿ ಪ್ರಕಟಿಸಿದನು. ಅದರ ರಾಸಾಯನಿಕ ರಚನೆ ಗಣಿಯ ಮಾಣಿಕ್ಯದ್ದೇ. ಗ್ರಹವನ್ನು ಒಲಿಸುವ ಶಕ್ತಿ ದ್ರವ್ಯದಲ್ಲಿದ್ದರೆ ಇದಕ್ಕೂ ಇರಬೇಕಲ್ಲವೆ? ಈ ಪ್ರಶ್ನೆಗೆ ಅಂಗಡಿಯಲ್ಲಿ ಉತ್ತರ ಸಿಗುವುದಿಲ್ಲ.

ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ತೂಕದ ಮೋಸದೊಡನೆ ‘ಪ್ರತಿರೂಪಕ ವ್ಯವಹಾರ’ವನ್ನೂ ಎಣಿಸಿದೆ; ಅಸಲಿನ ಹೆಸರಿನಲ್ಲಿ ನಕಲಿಯನ್ನು ಕೊಡುವುದೆಂದು ಅರ್ಥ. ಗಾಜು ತುಂಬಿದ ಕೆಂಪು ಇದಕ್ಕೆ ಸೇರುವುದು ಸ್ಪಷ್ಟ. 1912ರ ಪಟ್ಟಿಯನ್ನು ಋಷಿವಾಕ್ಯವೆಂದು ಮಾರುವುದೂ ಇದಕ್ಕೇ ಸೇರುತ್ತದೆಂಬುದು ನನ್ನ ಅಭಿಪ್ರಾಯ. ಮಗಳ ವಿವಾಹ ತಡವಾಯಿತೆಂದು ಸಾಲ ಮಾಡಿ ಪುಷ್ಯರಾಗವನ್ನು ಕೊಳ್ಳಬಂದ ತಂದೆಗೆ ವರ್ತಕನು ತೂಕವನ್ನೂ ಸಂಸ್ಕರಣೆಯನ್ನೂ ರಸೀದಿಯಲ್ಲಿ ಬರೆದುಕೊಡಬಲ್ಲನು. ವಿವಾಹದ ತಿಥಿಯನ್ನು ಬರೆದುಕೊಡಲಾರನು.